ಸಪ್ಪಳವಿಲ್ಲದ ಕ್ಯಾಮೆರಾ

ಲಕ್ಷ್ಮೇಶ್ವರ
೧೮ ನವೆಂಬರ್ ೨೦೨೪

ಫಕೀರೇಶ,

ಕಾಗದ ನೋಡಿ ಗಾಬರಿಯಾಗಬೇಡ, ಯಾರೂ ಸತ್ತಿಲ್ಲ. ನಿನ್ನ ನಂಬರನ್ನು ಬ್ಲಾಕ್ ಮಾಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ. ಬ್ಲಾಕ್ ತೆಗೆಯಬಹುದು, ಆದರೆ ತೆಗೆದ ಕೂಡಲೇ ನಿನ್ನ ಸ್ಟೇಟಸ್ ಕಾಣುತ್ತದೆ. ಸಿಂಗಟಾಲೂರಿನ ಹೊಳೆದಂಡೆಯಲ್ಲಿ ಹಾರುವ ಸೆರಗು, ಕಪ್ಪತಗುಡ್ಡದ ಗಾಳಿಯಂತ್ರದ ಕೆಳಗೆ ಕರಿ ಕನ್ನಡಕ ಹಾಕಿದ ಮದುಮಗ, ಎಲ್ಲದರ ಕೆಳಗೂ ನಿನ್ನ ಹೊಸ ಮಿರರ್‌ಲೆಸ್ ಕ್ಯಾಮೆರಾದ ಹೆಸರು. ಸ್ವಲ್ಪ ದಿನ ಹಲ್ಲು ಕಚ್ಚಿ ನೋಡಿದೆ. ನೋಡಿದ ದಿನ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ, ಬ್ಲಾಕ್ ಮಾಡಿದ ಮೇಲೆ ಇಳಿಯಿತು.

ನಾವಿಬ್ಬರೂ ಬೆಟಗೇರಿಯ ಮಕ್ತುಮಸಾಬರ ಸ್ಟುಡಿಯೋದಲ್ಲಿ ಒಟ್ಟಿಗೇ ಕೆಲಸ ಕಲಿತವರು. ಆಗಲೂ ಅವರು ಲೈಟ್ ಹಿಡಿಯಲು ನನ್ನನ್ನು ಕರೆಯುತ್ತಿದ್ದರು, ಕ್ಯಾಮೆರಾ ಹಿಡಿಯಲು ನಿನ್ನನ್ನು. ಅದನ್ನೂ ನಾನು ಮರೆತಿಲ್ಲ, ನೀನು ಮರೆತಿರಬಹುದು.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ತಂಗಿ ಭಾಗ್ಯಾಳ ಮದುವೆ ಶಿರಹಟ್ಟಿಯ ನಂದೀಶನ ಜೊತೆ ಫೆಬ್ರುವರಿಗೆ ಗೊತ್ತಾಗಿದೆ. ನಿನ್ನೆ ಬೀಗರು ಮಾತುಕತೆಗೆ ಬಂದಿದ್ದರು. ಮದುಮಗನ ಸೋದರಮಾವ ವಿರೂಪಾಕ್ಷಪ್ಪನವರು ಎಲೆ ಅಡಿಕೆ ಜಗಿಯುತ್ತಲೇ ಅಂದರು, “ಫೋಟೋದ ಚಿಂತಿ ನಮಗ ಬಿಡ್ರಿ. ಮುಂಡರಗಿ ಫಕೀರೇಶಗ ಹೇಳೇವಿ. ಅವನ ಕಡೆ ಹೊಸಾ ನಮೂನಿ ಕ್ಯಾಮೆರಾ ಐತಂತ.”

ಅವ್ವ ಮೆಲ್ಲಗೆ, “ನಮ್ಮ ಹೊನ್ನೇಶನೂ ಫೋಟೋ ತೆಗಿತಾನ್ರಿ” ಅಂದಳು.

“ಅಂವಾ ಮದುಮಗಳ ಅಣ್ಣ. ಮ್ಯಾಲ ನಿಂತು ಅಕ್ಕಿಕಾಳು ಹಾಕ್ಲಿ ಬಿಡ್ರಿ” ಅಂದರು ಆ ಹಿರಿಯರು. ನಾನು ಅಲ್ಲೇ ಚಹಾ ಕಪ್ಪು ಹಿಡಿದು ಕೂತಿದ್ದೆ. ಊರವರ ಮದುವೆಗಳನ್ನೆಲ್ಲ ತೆಗೆದವನು ಒಡಹುಟ್ಟಿದ ತಂಗಿಯ ಮದುವೆಯಲ್ಲಿ ಕೈಕಟ್ಟಿ ನಿಲ್ಲಬೇಕಂತೆ. ಖರೆ ಹೇಳುತ್ತೇನೆ ಫಕೀರೇಶ, ಹೊಟ್ಟೆ ಉರಿಯುತ್ತಿದೆ.

ಆ ಆರ್ಡರ್ ಬಿಟ್ಟುಬಿಡು. ಬೇರೆ ಏನು ಬೇಕಾದರೂ ತೆಗಿ, ಭಾಗ್ಯಾಳ ತಾಳಿಯ ಫೋಟೋ ಮಾತ್ರ ನಾನು ತೆಗೆಯಬೇಕು.

ಇನ್ನೊಂದು. ನನ್ನ ಕ್ಯಾಮೆರಾ ಮುಪ್ಪಾಗಿದೆ, ಹೊಸದು ಕೊಳ್ಳಲೇಬೇಕು. ಗದಗಿನ ಅಂಗಡಿಯವನು ಎರಡು ಇಟ್ಟಿದ್ದಾನೆ. ಒಂದು ಒಳಗೆ ಕನ್ನಡಿ ಇರುವ ನಮ್ಮ ಹಳೆಯ ನಮೂನೆಯ ಡಿಎಸ್‌ಎಲ್‌ಆರ್, ಇನ್ನೊಂದು ಕನ್ನಡಿಯೇ ಇಲ್ಲದ ನಿನ್ನಂಥ ಮಿರರ್‌ಲೆಸ್. ಯಾವುದು ತಗೊಳ್ಳಲಿ? ಇದನ್ನು ನಿನ್ನ ಹತ್ತಿರ ಕೇಳಬೇಕಾಗಿ ಬಂತಲ್ಲ, ಅದಕ್ಕೂ ಉರಿಯುತ್ತಿದೆ.

ಸದ್ಯಕ್ಕೆ ಗೆಳೆಯನಲ್ಲದ
ಹೊನ್ನೇಶ


ಮುಂಡರಗಿ
೨೭ ನವೆಂಬರ್ ೨೦೨೪

ಹೊನ್ನ್ಯಾ,

ನಿನ್ನ ಕಾಗದ ಓದಿ ನನ್ನ ಹೆಂಡತಿ ಬಿದ್ದು ಬಿದ್ದು ನಕ್ಕಳು. “ಬೈಯಾಕ ಅಂಚಿ ಚೀಟಿ ಹಚ್ಚಿ ಕಳಸ್ಯಾನಲ್ಲ, ಇಂಥಾ ದೋಸ್ತ ಯಾರಿಗದಾನ” ಅಂತ ಅವಳ ಮಾತು.

ಕ್ಯಾಮೆರಾದ ಮಾತು ಮೊದಲು. ಇದರಲ್ಲಿ ನಾನು ಸುಳ್ಳು ಹೇಳುವುದಿಲ್ಲ. ಕನ್ನಡಿಯ ಕ್ಯಾಮೆರಾ ಭಾರ, ಸಂಜೆಗೆ ಕೊರಳು ಹಿಡಿಯುತ್ತದೆ. ಆದರೆ ಒಂದು ಬ್ಯಾಟರಿಯಲ್ಲಿ ಮದುವೆ ದಾಟಿಸುತ್ತದೆ, ನಿನ್ನ ಹತ್ತಿರ ಇರುವ ಲೆನ್ಸುಗಳೆಲ್ಲ ಅದಕ್ಕೆ ಹಾಗೆಯೇ ಕೂಡುತ್ತವೆ. ನನ್ನದು ಹಗುರ. ಫೋಟೋ ಹೇಗೆ ಬರುತ್ತದೆ ಅಂತ ಒತ್ತುವ ಮೊದಲೇ ತೋರಿಸುತ್ತದೆ, ಎದುರಿಗೆ ಬಂದವರ ಕಣ್ಣನ್ನು ತಾನೇ ಹುಡುಕಿ ಹಿಡಿಯುತ್ತದೆ. ಊಟದ ಹೊತ್ತಿಗೆ ಮಾತ್ರ ಬ್ಯಾಟರಿ ಬೇಡುತ್ತ ಕೂಡುತ್ತದೆ.

ಮತ್ತೆ ಅದು ಸಪ್ಪಳ ಮಾಡುವುದಿಲ್ಲ. ಅಂಗಡಿಯವರು ಅದನ್ನೇ ದೊಡ್ಡ ಗುಣ ಅನ್ನುತ್ತಾರೆ, ನಮ್ಮ ಕಡೆಗೆ ಅದೇ ತ್ರಾಸು. ಸೊರಟೂರಿನ ಒಂದು ಮದುವೆಯಲ್ಲಿ ಒಬ್ಬ ಮುದುಕಿ ನಗುತ್ತಲೇ ನಿಂತುಬಿಟ್ಟಿದ್ದಳು. “ಆತಬೇ ಆಯಿ, ಇಳಿ” ಅಂದರೆ, “ಟಕ್ ಅಂದಿಲ್ಲಲ್ಲೋ ಮಗನ, ಎಲ್ಲಿ ಆತು?” ಅಂದಳು. ತಾಳಿಯ ಹೊತ್ತಂತೂ ಕೇಳಲೇಬೇಡ. ಮಕ್ತುಮಸಾಬರು ಹಚ್ಚಿಟ್ಟ ಚಟ ನಿನಗೆ ಗೊತ್ತೇ ಇದೆ. ಮದುಮಗ ತಾಳಿ ಹಿಡಿದು ನಿಲ್ಲಬೇಕು, ಅಯ್ಯನವರು ಮಂತ್ರ ಮುಗಿಸಿ ತಲೆ ಅಲ್ಲಾಡಿಸಬೇಕು, ಆಗ ಕ್ಯಾಮೆರಾ ಟಕ್ ಅನ್ನಬೇಕು. ಆ ಸಪ್ಪಳ ಕೇಳಿದ ಮೇಲೆಯೇ ಸೋದರಮಾವ ಮೊದಲ ಅಕ್ಕಿಕಾಳು ಒಗೆಯುವುದು, ಅವನ ಕೈ ನೋಡಿ ಭಜಂತ್ರಿ, ಆಮೇಲೆ ಗಂಟು. ವಿರೂಪಾಕ್ಷಪ್ಪನವರು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ, ಆ ಹೊತ್ತಿಗೆ ಕ್ಯಾಮೆರಾದ ಸೆಟ್ಟಿಂಗಿನಲ್ಲಿ ಟಕ್ ಅನ್ನುವ ಸಪ್ಪಳ ಹಚ್ಚುತ್ತೇನೆ ಅಂತ.

ಆರ್ಡರ್ ಬಿಡುವುದಿಲ್ಲ. ನಾನು ಬಿಟ್ಟರೆ ಅವರು ಹುಬ್ಬಳ್ಳಿಯಿಂದ ಯಾರನ್ನೋ ತರುತ್ತಾರೆ, ಗುರುತು ಪರಿಚಯ ಇಲ್ಲದವರು ಬಂದು ನಮ್ಮ ಭಾಗ್ಯಾಳಿಗೆ ಗದ್ದ ಎತ್ತು, ಗದ್ದ ಇಳಿಸು ಅನ್ನುತ್ತಾರೆ. ನೀನು ಅಣ್ಣನಾಗಿ ನಿಲ್ಲು. ಕ್ಯಾಮೆರಾ ಮಾತ್ರ ತರಬೇಡ. ಎರಡು ಕಡೆ ಸಪ್ಪಳ ಆದರೆ ಮಂದಿ ಗೊಂದಲಕ್ಕೆ ಬೀಳುತ್ತಾರೆ.

ನೀನು ಒಪ್ಪಿದರೂ ಬಿಟ್ಟರೂ ಗೆಳೆಯ
ಫಕೀರೇಶ


ಲಕ್ಷ್ಮೇಶ್ವರ
೧೯ ಜನವರಿ ೨೦೨೫

ಫಕೀರೇಶ,

ಗದಗಿಗೆ ಹೋಗಿ ನಿನ್ನಂಥ ಕ್ಯಾಮೆರಾ ಕೈಯಲ್ಲಿ ಹಿಡಿದು ಬಂದೆ. ಕಣ್ಣಿಟ್ಟು ನೋಡಿದರೆ ಸಣ್ಣ ಟೀವಿ ನೋಡಿದ ಹಾಗೆ. ನನಗೆ ಗಾಜಿನೊಳಗೆ ಖರೆ ಮನುಷ್ಯ ಕಾಣಬೇಕು, ಟೀವಿಯೊಳಗಿನವನಲ್ಲ. ಹೀಗೆ ಅಂಗಡಿಯವನ ಮುಂದೆ ಭಾಷಣ ಮಾಡಿದೆ. ಮನಸ್ಸಿನಲ್ಲಿ ಮಾತ್ರ ಅದನ್ನು ಕೆಳಗಿಡಲು ಆಗುತ್ತಿರಲಿಲ್ಲ. ಅಂಗಡಿಯ ಮೂಲೆಯ ಕತ್ತಲಲ್ಲಿ ಕೂತಿದ್ದವನ ಕಣ್ಣನ್ನು ಅದು ಥಟ್ಟನೆ ಹಿಡಿಯಿತು. ಎಂಥ ಚಂದದ ವಸ್ತು ಅದು! ಕಡೆಗೆ ಡಿಎಸ್‌ಎಲ್‌ಆರ್ ತೆಗೆದುಕೊಂಡು ಬಂದೆ. ಬ್ಯಾಟರಿ, ಲೆನ್ಸು ಎಂದೆಲ್ಲ ಮನೆಯಲ್ಲಿ ಕಾರಣ ಹೇಳಿದ್ದೇನೆ. ನಿನಗೆ ಖರೆ ಕಾರಣ ಹೇಳುತ್ತೇನೆ. ಹೊನ್ನೇಶ ಫಕೀರೇಶನನ್ನು ನೋಡಿ ತಗೊಂಡ ಅಂತ ಯಾರೂ ಅನ್ನಬಾರದು, ಅಷ್ಟೇ.

ಮೊನ್ನೆ ಭಾಗ್ಯಾ ತನ್ನ ಫೋನಿನಲ್ಲಿ ನಿನ್ನ ಫೋಟೋಗಳನ್ನು ಗೆಳತಿಯರಿಗೆ ತೋರಿಸುತ್ತಿದ್ದಳು. “ಫಕೀರೇಶಣ್ಣ ತೆಗದ್ರ ಎಂಥಾವ್ರೂ ಚಂದ ಕಾಣ್ತಾರ ನೋಡ್ರೆ” ಅಂದಳು. ಹುಟ್ಟಿದಾಗಿನಿಂದ ಅವಳ ಫೋಟೋ ತೆಗೆದವನು ನಾನು. ಜಾವಳ ತೆಗೆಸಿದ್ದು, ಶಾಲೆಗೆ ಹೋಗಲಾರೆನೆಂದು ಅತ್ತದ್ದು, ಮೊದಲ ಸೀರೆ, ಎಲ್ಲ ನಾನೇ. ಒಮ್ಮೆಯಾದರೂ ಅಣ್ಣ ತೆಗೆದರೆ ಚಂದ ಅಂದವಳಲ್ಲ.

ಕ್ಯಾಮೆರಾ ತರುವುದಿಲ್ಲ, ಮಾತು ಕೊಟ್ಟೆ. ಪಟಗ ಸುತ್ತಿ ಶಲ್ಯ ಹೊದ್ದು ಬೊಂಬೆಯ ಹಾಗೆ ನಿಲ್ಲುತ್ತೇನೆ. ನಿನಗೆ ಸಮಾಧಾನ ಆಯಿತಲ್ಲ?

ಮದುಮಗಳ ಅಣ್ಣ
ಹೊನ್ನೇಶ


ಮುಂಡರಗಿ
೩ ಮಾರ್ಚ್ ೨೦೨೫

ಹೊನ್ನ್ಯಾ,

ಮದುವೆಯಾಗಿ ಹದಿನೈದು ದಿನ ಆಯಿತು. ನೀನು ಬರೆಯುತ್ತೀ ಅಂತ ಕಾದೆ, ಬರೆಯಲಿಲ್ಲ. ಹಾಗಾದರೆ ನಾನೇ ಬರೆಯುತ್ತೇನೆ.

ನಾನು ಸಪ್ಪಳ ಹಚ್ಚಿ, ಅಯ್ಯನವರ ತಲೆಯನ್ನೇ ನೋಡುತ್ತ ನಿಂತಿದ್ದೆ. ಅವರ ಮಂತ್ರ ಇನ್ನೂ ಅರ್ಧ ಇತ್ತು, ಮುಹೂರ್ತ ಬಂದಿರಲಿಲ್ಲ. ಅಷ್ಟರಲ್ಲಿ ಭಾಗ್ಯಾಳ ಹಿಂದಿನಿಂದ ಟಕಟಕಟಕ ಅಂತ ಸಪ್ಪಳ ಬಂತು. ಕನ್ನಡಿ ಎದ್ದು ಬೀಳುವ ಆ ಸಪ್ಪಳ ನನಗೆ ಗೊತ್ತಾಗುವುದಿಲ್ಲವೇನು? ವಿರೂಪಾಕ್ಷಪ್ಪನವರು ಕೈ ಎತ್ತಿ ಅಕ್ಕಿಕಾಳು ಒಗೆದರು, ಭಜಂತ್ರಿ ಎದ್ದಿತು, ಮಂದಿಯೆಲ್ಲ ಒಗೆದರು. ನಂದೀಶ ಪಾಪ ಗಡಿಬಿಡಿಯಲ್ಲಿ ಗಂಟು ಹಾಕಿಬಿಟ್ಟ. ಅಯ್ಯನವರು ಬಾಯಿ ತೆರೆದುಕೊಂಡೇ ಉಳಿದರು. ನೀನು ಶಲ್ಯ ಸರಿ ಮಾಡಿಕೊಂಡು ಎಲ್ಲರ ಹಾಗೆ ಅತ್ತಿತ್ತ ನೋಡುತ್ತಿದ್ದೆ. ಆ ಶಲ್ಯದ ಕೆಳಗೆ ಏನಿತ್ತು ಅಂತ ನಾನು ಹೇಳಬೇಕಾಗಿಲ್ಲ.

ಬೀಗರು ಸಿಟ್ಟಾಗಿ “ವ್ಯಾಳ್ಯಾಕ್ಕಿಂತ ಮೊದಲ ಯಾರ ಕ್ಯಾಮೆರಾ ಟಕ್ ಅಂತು?” ಎಂದು ಕೇಳಿದಾಗ ನಾನು “ನಂದ್ರಿ, ಬೆರಳು ಜಾರ್ತು” ಅಂದೆ. ನಿನ್ನ ಸಲುವಾಗಿ ಅಲ್ಲ. ಮದುಮಗಳ ಅಣ್ಣನೇ ಮುಹೂರ್ತ ಕೆಡಿಸಿದ ಅಂತ ಗೊತ್ತಾದರೆ ಆ ಮನೆಯಲ್ಲಿ ಭಾಗ್ಯಾ ತಲೆ ಎತ್ತಿ ಓಡಾಡುವಂತಿರಲಿಲ್ಲ. ಅದಕ್ಕೇ ಈ ಮಾತು ನಿನ್ನ ಬಾಯಿಂದ ಹೊರಗೆ ಬರಬಾರದು.

ಈಗ ಇನ್ನೊಂದು ತಾಪತ್ರಯ. ನನ್ನ ಹತ್ತಿರ ತಾಳಿಯ ಫೋಟೋ ಇಲ್ಲ. ಅಕ್ಕಿಕಾಳು ಬಿದ್ದ ಕೂಡಲೇ ನಾನೂ ಒತ್ತಿದೆ, ಆದರೆ ನಂದೀಶನ ತಾಯಿ ಸುಮಿತ್ರವ್ವ ಅಕ್ಕಿಕಾಳು ಒಗೆಯುತ್ತ ಅಡ್ಡ ಬಂದರು. ನನ್ನ ಜಾಣ ಕ್ಯಾಮೆರಾ ಅವರ ಕಣ್ಣನ್ನೇ ಹಿಡಿದುಕೊಂಡಿತು. ಅವರ ರೆಪ್ಪೆಯ ಒಂದೊಂದು ಕೂದಲನ್ನೂ ಎಣಿಸಬಹುದು, ಅವರ ಹಿಂದೆ ತಾಳಿ ಮಬ್ಬು ಮಬ್ಬು. “ತಾಳೀ ಫೋಟೋ ಇಲ್ಲದ ಆಲ್ಬಮ್ ನಮಗ್ಯಾಕ?” ಅಂತ ಅವರು ವಾಪಸ್ ಕಳಿಸಿದ್ದಾರೆ. ನನ್ನ ವಿಷಯ ಇರಲಿ, ನಾನು ನೋಡಿಕೊಳ್ಳುತ್ತೇನೆ. ನೀನು ಭಾಗ್ಯಾಳನ್ನು ಒಮ್ಮೆ ಹೋಗಿ ಮಾತನಾಡಿಸಿ ಬಾ.

ಫಕೀರೇಶ


ಲಕ್ಷ್ಮೇಶ್ವರ
೨೦ ಮಾರ್ಚ್ ೨೦೨೫

ಫಕೀರೇಶ,

ನಿನ್ನ ಕಾಗದ ಓದಿ ನಾಚಿಕೆಯಾಗಬೇಕಿತ್ತು. ಆಯಿತು ಕೂಡ. ಆದರೆ ಅದಕ್ಕಿಂತ ಮೊದಲು ಬಂದದ್ದು ಸಿಟ್ಟು. ಕೆಲಸದಲ್ಲಿ ನೀನು ಮುಂದೆ, ಕ್ಯಾಮೆರಾದಲ್ಲಿ ನೀನು ಮುಂದೆ, ಈಗ ಒಳ್ಳೆಯತನದಲ್ಲೂ ನೀನೇ ಮುಂದೆ ಹೋಗಿ ನಿಂತೆಯಲ್ಲ! “ನಂದ್ರಿ, ಬೆರಳು ಜಾರ್ತು” ಅಂತ ನೀನು ಅಂದಾಗ ನನ್ನ ಬಾಯಿ ಯಾಕೆ ಮುಚ್ಚಿತ್ತು ಗೊತ್ತೇ? ಹೆದರಿಕೆಗೆ ಅರ್ಧ. ಇನ್ನರ್ಧ, ಅವರು ನಿನ್ನನ್ನು ಬೈಯುತ್ತಿದ್ದರು, ಅದನ್ನು ಕೇಳಲು ನನಗೆ ಹಿತವಾಗಿತ್ತು. ಮೆಚ್ಚಿ ಕರೆತಂದವರೇ ಬೈಯುತ್ತಿದ್ದರಲ್ಲ ಅಂತ. ಇಂಥವನು ನಾನು, ತಿಳಿದುಕೋ.

ಫೋಟೋ ತೆಗೆಯಬೇಕೆಂದು ಕ್ಯಾಮೆರಾ ಒಯ್ದಿರಲಿಲ್ಲ, ಕೊರಳಲ್ಲಿ ಇರಲಿ ಎಂದು ಶಲ್ಯದ ಕೆಳಗೆ ಹಾಕಿಕೊಂಡಿದ್ದೆ. ನಂದೀಶ ತಾಳಿ ಹಿಡಿದ. ಎದುರಿಗೆ ನೀನು ಆ ಸಣ್ಣ ಕ್ಯಾಮೆರಾ ಹಿಡಿದು ಆರಾಮಾಗಿ ನಿಂತಿದ್ದೆ. ಇನ್ನೊಂದು ಕ್ಷಣಕ್ಕೆ ಆ ಫೋಟೋ ನಿನ್ನದಾಗುತ್ತದೆ ಅನ್ನಿಸಿತು. ಬೆರಳು ಒತ್ತಿದ್ದು ನನಗೇ ತಿಳಿಯಲಿಲ್ಲ ಅಂದರೆ ಸುಳ್ಳಾಗುತ್ತದೆ. ಶಲ್ಯ ಸರಿಸಿ ತಿಳಿದೇ ಒತ್ತಿದೆ, ಗಂಟು ಬೀಳುವ ತನಕ ಒತ್ತಿದ ಬೆರಳು ಎತ್ತಲಿಲ್ಲ.

ಇನ್ನೊಂದು ಮಾತು ಕೇಳು. ತಾಳಿಯ ಫೋಟೋ ನನ್ನ ಹತ್ತಿರ ಇದೆ. ಹಿಂದಿನಿಂದ ತೆಗೆದದ್ದು, ಕೊರಳ ಹಿಂಬದಿ, ನಂದೀಶನ ಎರಡು ಕೈ, ನಡುವೆ ಗಂಟು. ದಾರದ ಎಳೆ ಎಳೆ ಕಾಣುತ್ತದೆ, ಗಂಟಿಗೆ ಹತ್ತಿದ ಅರಿಷಿಣ ಕಾಣುತ್ತದೆ, ಮಧ್ಯೆ ಹಾರುವ ಒಂದು ಅಕ್ಕಿಕಾಳು ನಿಂತ ಹಾಗೆ ಇದೆ. ದಿನಾ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ಮಾಡಿ ನೋಡುತ್ತೇನೆ. ನಿನ್ನ ಮಿರರ್‌ಲೆಸ್ ತಪ್ಪಿಸಿಕೊಂಡದ್ದನ್ನು ನನ್ನ ಡಿಎಸ್‌ಎಲ್‌ಆರ್ ಹಿಡಿಯಿತು. ಆದರೆ ಯಾರಿಗೆ ತೋರಿಸಲಿ? ತೋರಿಸಿದರೆ ನಾನೇ ಕಳ್ಳ ಅಂತ ಗೊತ್ತಾಗುತ್ತದೆ. ಜನ್ಮದಲ್ಲಿ ಒಮ್ಮೆ ನಿನ್ನನ್ನು ಗೆದ್ದೆ, ಅದನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ಓಡಾಡಬೇಕಾಗಿದೆ. ಅದಕ್ಕೇ ಒಂದು ಪ್ರಿಂಟ್ ಹಾಕಿ ನಿನಗೆ ಕಳಿಸುತ್ತಿದ್ದೇನೆ. ನೀನಾದರೂ ನೋಡಿ ಉರಿದುಕೋ.

ಮೊನ್ನೆ ವಿರೂಪಾಕ್ಷಪ್ಪನವರು ನನ್ನ ಫೋಟೋ ಅಂಗಡಿಗೆ ಬಂದಿದ್ದರು. ನಂದೀಶನ ತಮ್ಮನ ಮದುವೆ ಮೇ ತಿಂಗಳಲ್ಲಂತೆ. “ಆ ಫಕೀರೇಶನ ಸಂಗ ಸಾಕು, ನೀವ ಬರ್ರಿ. ಟಕ್ ಅನ್ನೋ ಕ್ಯಾಮೆರಾನ ತರ್ರಿ” ಅಂದರು. ನಾನು ಕೇಳಬೇಕೆಂದಿದ್ದ ಮಾತು ಇದೇ. ಹ್ಞೂಂ ಅಂದೆ. ರಾತ್ರಿ ಅವ್ವ ಶಿರಹಟ್ಟಿಯ ಖಬರ ಹೇಳಿದಳು. ಅಲ್ಲಿ ಹಾಲು ಉಕ್ಕಿದರೂ, ಎಮ್ಮೆ ಒದ್ದರೂ ಸುಮಿತ್ರವ್ವ “ವ್ಯಾಳ್ಯಾ ತಪ್ಪಿದ ತಾಳಿ” ಅನ್ನುತ್ತಾರಂತೆ. ಭಾಗ್ಯಾ ಎದುರು ಮಾತಾಡುವುದಿಲ್ಲವಂತೆ. ಅವಳನ್ನು ನೋಡಲು ನಾನು ಇನ್ನೂ ಹೋಗಿಲ್ಲ.

ಹೊನ್ನೇಶ


ಮುಂಡರಗಿ
೨ ಏಪ್ರಿಲ್ ೨೦೨೫

ಹೊನ್ನ್ಯಾ,

ಫೋಟೋ ಮುಟ್ಟಿತು. ಉರಿಯಿತು, ನಿನ್ನ ಆಸೆ ಈಡೇರಿತು. ಗಂಟಿನ ಫೋಟೋ ಹಾಗೆ ತೆಗೆಯುವುದು ನನ್ನ ಕೈಯಲ್ಲಿ ಆಗುತ್ತಿರಲಿಲ್ಲ. ಇದು ನಿನ್ನನ್ನು ಖುಷಿಪಡಿಸಲು ಹೇಳಿದ ಮಾತಲ್ಲ. ಮೂರು ದಿನ ಕೌಂಟರಿನ ಮೇಲೆ ಇಟ್ಟುಕೊಂಡು ನೋಡಿದೆ.

ಆದರೆ ದಿನಾ ದೊಡ್ಡದು ಮಾಡಿ ಮಾಡಿ ನೋಡಿದೆ ಅಂತ ಬರೆದಿದ್ದೀಯಲ್ಲ, ಏನು ನೋಡಿದೆ ನೀನು? ಗಂಟು ಬಿಟ್ಟು ಮೇಲೆ ನೋಡಲೇ ಇಲ್ಲವೇನು? ನಿನ್ನ ಲೆನ್ಸಿಗೆ ಗಂಟು ಚೊಕ್ಕ, ಮುಖ ಸ್ವಲ್ಪ ಮಬ್ಬು. ಹಾಗಂತ ಕಾಣುವುದೇ ಇಲ್ಲ ಅಂತಲ್ಲ. ಉಳಿದವರೆಲ್ಲ ತಾಳಿ ನೋಡುತ್ತಿದ್ದಾರೆ, ಇಲ್ಲ ನನ್ನ ಕಡೆ ನೋಡುತ್ತಿದ್ದಾರೆ. ಭಾಗ್ಯಾ ಹೆಗಲ ಮೇಲಿಂದ ತಿರುಗಿ ನೋಡುತ್ತಿದ್ದಾಳೆ, ನೆಟ್ಟಗೆ ನಿನ್ನ ಕ್ಯಾಮೆರಾದೊಳಗೆ.

ಸಪ್ಪಳ ಎಲ್ಲಿಂದ ಬಂತು ಅಂತ ಅವಳಿಗೆ ಅವತ್ತೇ ಗೊತ್ತು, ಹೊನ್ನ್ಯಾ. ನಾನು ಸುಳ್ಳು ಹೇಳಿದ್ದೂ ಗೊತ್ತು, ನೀನು ಸುಮ್ಮನೆ ನಿಂತದ್ದೂ ಗೊತ್ತು. ಗೊತ್ತಿದ್ದೂ ಅತ್ತೆಯ ಮಾತು ನುಂಗುತ್ತಿದ್ದಾಳೆ. ನಾನು ದೊಡ್ಡ ಉಪಕಾರ ಮಾಡಿದೆ ಅಂದುಕೊಂಡಿದ್ದೆ. ಅವಳ ಮೇಲೆ ಹೊರೆ ಹಾಕಿ ಬಂದಿದ್ದೇನೆ. ಹಿಂದಿನ ಕಾಗದದಲ್ಲಿ ಬಾಯಿ ಮುಚ್ಚಿಕೋ ಅಂತ ಬರೆದಿದ್ದೆನಲ್ಲ, ಆ ಮಾತು ವಾಪಸ್ ತೆಗೆದುಕೊಂಡೆ.

ಫಕೀರೇಶ


ಲಕ್ಷ್ಮೇಶ್ವರ
೧೩ ಏಪ್ರಿಲ್ ೨೦೨೫

ಫಕೀರೇಶ,

ನಿನ್ನ ಕಾಗದ ಬಂದ ಮಧ್ಯಾಹ್ನ ಕಂಪ್ಯೂಟರ್ ಹಚ್ಚಿ ಆ ಫೋಟೋ ತೆರೆದೆ. ಈ ಸಲ ದೊಡ್ಡದು ಮಾಡಲಿಲ್ಲ. ನೋಡಿದೆ. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟು ಇದ್ದಿದ್ದರೆ ಎಷ್ಟೋ ಚಲೋ ಇತ್ತು. “ಅಣ್ಣಾ, ನೀನೇನೋ?” ಅನ್ನುವ ಹಾಗೆ ಬಾಯಿ ಸ್ವಲ್ಪ ತೆರೆದಿತ್ತು.

ದೊಡ್ಡ ಪ್ರಿಂಟ್ ಹಾಕಿಸಿ ಮರುದಿನ ಶಿರಹಟ್ಟಿ ಬಸ್ ಹತ್ತಿದೆ. ಪಡಸಾಲೆಯಲ್ಲಿ ನಂದೀಶ, ಸುಮಿತ್ರವ್ವ, ವಿರೂಪಾಕ್ಷಪ್ಪನವರು ಮೂವರೂ ಇದ್ದರು. “ಬರ್ರಿ ಬರ್ರಿ, ಕುಂಡ್ರಿ” ಅಂದರು. ಕೂಡಲಿಲ್ಲ. ಫೋಟೋ ಮುಂದಿಟ್ಟು ಹೇಳಿದೆ, “ಅವತ್ತ ಟಕ್ ಅಂದಿದ್ದು ನನ್ನ ಕ್ಯಾಮೆರಾರಿ. ಫಕೀರೇಶ ಸುಳ್ಳ ಹೇಳ್ಯಾನ. ಅವನ ಮ್ಯಾಲಿನ ಹೊಟ್ಟಿಕಿಚ್ಚಿಗೆ ನಾನ ಒತ್ತಿದೆ. ಇದರಾಗ ಭಾಗ್ಯಾಂದು ಏನೂ ತಪ್ಪಿಲ್ಲ, ಆಕಿಗೆ ಏನೂ ಅನಬ್ಯಾಡ್ರಿ.”

ವಿರೂಪಾಕ್ಷಪ್ಪನವರು ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದರು. “ಒಡಹುಟ್ಟಿದಾಕಿ ಮುಹೂರ್ತದಾಗ ಇಂಥಾ ಕೆಲಸೇನೋ ತಮ್ಮಾ?” ಅಂದರು. ಸುಮಿತ್ರವ್ವ ಬೈದರು, ಬೈಯುತ್ತಲೇ ಫೋಟೋ ಕೈಗೆ ತೆಗೆದುಕೊಂಡರು. ಬಹಳ ಹೊತ್ತು ನೋಡಿ, ಒಳಗೆ ತಿರುಗಿ, “ನಿನಗ ಗೊತ್ತಿತ್ತಲ್ಲಬೇ, ನಾ ಅಂದದ್ದೆಲ್ಲ ಯಾಕ ಕೇಳಿಕೊಂತ ಕುಂತಿ?” ಎಂದು ಕೇಳಿದರು. ಅವರ ದನಿ ಅಷ್ಟು ಮೆತ್ತಗಾಗಿದ್ದನ್ನು ನಾನು ಕೇಳಿರಲಿಲ್ಲ.

ಭಾಗ್ಯಾ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು, ಕೈಗೆ ರೊಟ್ಟಿಯ ಹಿಟ್ಟು ಹತ್ತಿತ್ತು. ನನ್ನ ಕಡೆ ನೋಡಿ ಹೇಳಿದಳು. “ಮದುವಿ ಮರುದಿನಾನ ಬರ್ತಿ ಅಂದಕೊಂಡಿದ್ದೆ. ಬಸ್ಸಿನ ಸಪ್ಪಳ ಆದಾಗೊಮ್ಮೆ ಬಾಗಲಕ್ಕ ಬಂದು ನೋಡ್ತಿದ್ದೆ. ಗಂಟು ಯಾವಾಗ ಬಿದ್ರೂ ನನಗೇನಿಲ್ಲೋ ಅಣ್ಣಾ. ಬ್ಯಾರೇದಾಂವ ಬೈಸಿಕೊಳ್ಳುವಾಗ ನೀ ಸುಮ್ಮ ನಿಂತೆಲ್ಲ, ಅದಕ್ಕ ನಾ ಅತ್ತದ್ದು.”

ನಾನೂ ಅತ್ತೆ, ಬೀಗರ ಪಡಸಾಲೆಯಲ್ಲಿ, ಎಲ್ಲರ ಎದುರಿಗೆ. ಅತ್ತ ಮೇಲೆ ಊಟಕ್ಕೆ ಹಾಕಿದರು.

ನಿನ್ನ ಆಲ್ಬಮ್ಮನ್ನು ಕೇಳಿ ಕಳಿಸಿದ್ದಾರೆ, ಕೊಟ್ಟುಬಿಡು. ಮೇ ತಿಂಗಳ ಮದುವೆಗೆ ನಿನ್ನನ್ನೇ ಕರೆಯಿರಿ ಅಂತ ಹೇಳಿ ಬಂದಿದ್ದೇನೆ. ಸುಮಿತ್ರವ್ವ ಇನ್ನೂ ವಿಚಾರ ಮಾಡುತ್ತಿದ್ದಾರೆ. ಅವರ ಕಣ್ಣರೆಪ್ಪೆಯ ಫೋಟೋ ಒಂದು ಪ್ರಿಂಟ್ ಹಾಕಿ ಕಳಿಸು, ಒಪ್ಪಬಹುದು.

ತಾಳಿಯ ಫೋಟೋ ಅವರು ಇಟ್ಟುಕೊಳ್ಳುತ್ತಾರೆ ಅಂದುಕೊಂಡಿದ್ದೆ. ಹೊರಡುವಾಗ ಭಾಗ್ಯಾ ಅದನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟಳು. “ಇದು ಇಲ್ಲಿ ಬ್ಯಾಡ. ನಿನ್ನ ಅಂಗಡ್ಯಾಗ ಹಾಕ್ಕೋ” ಅಂದಳು. ಕೌಂಟರಿನ ಎದುರು ಗೋಡೆಗೆ ಹಾಕಿದ್ದೇನೆ. ಬಂದವರೆಲ್ಲ ಗಂಟು ಎಷ್ಟು ಚೊಕ್ಕ ಬಂದಿದೆ, ಯಾವ ಕ್ಯಾಮೆರಾ ಅಂತ ಕೇಳುತ್ತಾರೆ. ಡಿಎಸ್‌ಎಲ್‌ಆರ್ ಅನ್ನುತ್ತೇನೆ. ಅವರು ಹೋದ ಮೇಲೆ ಅವಳು ನನ್ನನ್ನು ನೋಡುತ್ತಲೇ ಇರುತ್ತಾಳೆ.

ನಿನ್ನ ಕ್ಯಾಮೆರಾದ ಮೇಲೆ ಈಗ ಹೊಟ್ಟೆಕಿಚ್ಚಿಲ್ಲ, ಖರೆ. ಬ್ಲಾಕ್ ತೆಗೆದಿದ್ದೇನೆ, ಹೊಳೆದಂಡೆ, ಗಾಳಿಯಂತ್ರ ಎಲ್ಲ ನೋಡಿದೆ, ಆಮೇಲೂ ರೊಟ್ಟಿ ಇಳಿಯಿತು. ಆದರೆ ಒಂದು ಉಳಿದಿದೆ, ಅದು ಹೋಗುವ ಹಾಗೆ ಕಾಣುವುದಿಲ್ಲ. ಫೋಟೋ ತೆಗೆದವನು ನಾನು, ವಾರಗಟ್ಟಲೆ ನೋಡಿದವನು ನಾನು, ಅವಳ ಅಣ್ಣ ನಾನು. ನನ್ನ ತಂಗಿಯ ಮುಖ ಮೊದಲು ನೋಡಿದವನು ನೀನು.

ನಿನ್ನ
ಹೊನ್ನ್ಯಾ